ಕಪ್ಪು ಜನರ ತಮ್ಮದೇ ಜಾಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಯಲ್ಲಾಪುರದ ಕಡೆಯವನು, ಅಟ್ಲಾಂಟಾದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಇಲ್ಲಿನ ಕಪ್ಪು ಜನರ ಚರ್ಚು, ಕಾಲೇಜು, ಕ್ಷೌರದಂಗಡಿಗಳ ಬಗ್ಗೆ ಒಮ್ಮೆ ಬರೆದಿದ್ದೆ. ಆಮೇಲೆ ಊರಿಂದ ಫೋನಿನಲ್ಲಿ, ಕನ್ನಡ ಕೂಟದ ಊಟದ ಸಾಲಿನಲ್ಲಿ, ಪತ್ರಗಳಲ್ಲಿ ಅವೇ ಪ್ರಶ್ನೆಗಳು ಬರುತ್ತಲೇ ಇವೆ. ಕೇಳಿದವರ ಮಾತನ್ನು ಹಾಗೇ ಇಟ್ಟು, ನನಗೆ ಗೊತ್ತಿರುವಷ್ಟನ್ನು ಇಲ್ಲಿ ಹಾಕಿದ್ದೇನೆ.

## ಮೊದಲಿಗೆ

"ಕಪ್ಪು ಜನರ ಜಾಗ" ಅಂದ್ರೆ ಏನ್ರೀ? ಅದೊಂದು ಕಟ್ಟಡಾನಾ, ಸಂಘಾನಾ?

ಎರಡೂ ಆಗಬಹುದು. ಕಪ್ಪು ಜನರೇ ಕಟ್ಟಿದ, ಅವರನ್ನೇ ಮನಸ್ಸಲ್ಲಿಟ್ಟುಕೊಂಡು ನಡೆಯುವ ಯಾವುದೇ ಜಾಗ. ಚರ್ಚು, ಕಾಲೇಜು, ಕೂದಲು ಹೆಣೆಯುವ ಅಂಗಡಿ, ಹೋಟೆಲ್ಲು, ಲೈಬ್ರರಿ, ಭಾನುವಾರ ಪಾರ್ಕಿನಲ್ಲಿ ಸೇರುವ ಹತ್ತು ಅಮ್ಮಂದಿರು. ಗುರುತು ಹಿಡಿಯುವುದಕ್ಕೆ ನನ್ನ ಲೆಕ್ಕ ಸುಲಭ: ಅಲ್ಲಿ ಯಾರು ತಮ್ಮ ಬಗ್ಗೆ ವಿವರಣೆ ಕೊಡದೆ ಇರಬಹುದು ಅಂತ ನೋಡಿ. ಅಮೆರಿಕದಲ್ಲಿ ಕಪ್ಪು ಜನ ನೂರಕ್ಕೆ ಹದಿಮೂರು ಹದಿನಾಲ್ಕು. ಅಂದರೆ ಹೆಚ್ಚಿನ ಆಫೀಸಿನಲ್ಲಿ, ಕ್ಲಾಸಿನಲ್ಲಿ ಅವರು ಒಬ್ಬರೋ ಇಬ್ಬರೋ ಇರುತ್ತಾರೆ. ಈ ಜಾಗಗಳಲ್ಲಿ ಆ ಲೆಕ್ಕ ತಿರುಗುತ್ತದೆ.

ಕನ್ನಡದಲ್ಲಿ ಅವರನ್ನ ಏನಂತ ಕರೀಬೇಕು? ಕರಿಯರು ಅಂದ್ರೆ ತಪ್ಪಾ?

ಹೌದು, ತಪ್ಪು. ನಮ್ಮೂರಲ್ಲಿ ಕರಿಯ, ಕರಿಯಪ್ಪ ಅನ್ನೋ ಹೆಸರುಗಳಿವೆ, ಕರಿಯಮ್ಮ ಅಂತ ದೇವಿಯೇ ಇದ್ದಾಳೆ, ಅದು ಬೇರೆ. ನಾವು ಒಂದು ಜನಾಂಗವನ್ನು ದೂರದಿಂದ ಬೆರಳು ಮಾಡಿ "ಕರಿಯರು" ಅಂದಾಗ ಅದರಲ್ಲಿ ಪ್ರೀತಿ ಇರುವುದಿಲ್ಲ, ನಮಗೇ ಗೊತ್ತು. "ನೀಗ್ರೋ" ಅಂತೂ ಬೇಡವೇ ಬೇಡ, ಅವರೇ ಒಂದು ಕಾಲದಲ್ಲಿ ಬಳಸುತ್ತಿದ್ದರೂ ಆ ಕಾಲ ಹೋಯಿತು. ನಾನು ಕಪ್ಪು ಜನ ಅಂತ ಬರೆಯುತ್ತೇನೆ. ಅಮೆರಿಕದಲ್ಲೇ ಹುಟ್ಟಿ ಬೆಳೆದ ವಂಶದವರಾದರೆ ಆಫ್ರಿಕನ್ ಅಮೆರಿಕನ್ನರು ಅಂತಲೂ ಅನ್ನಬಹುದು. 2020ರಿಂದ ಅಲ್ಲಿನ ದೊಡ್ಡ ಪತ್ರಿಕೆಗಳು ಬ್ಲ್ಯಾಕ್ ಪದವನ್ನು ದೊಡ್ಡಕ್ಷರದಿಂದ ಬರೆಯುತ್ತಿವೆ, ಬಣ್ಣದ ಹೆಸರಲ್ಲ, ಜನರ ಹೆಸರು ಅಂತ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ, ಆ ಮರ್ಯಾದೆಯನ್ನು ಬೇರೆ ರೀತಿಯಲ್ಲೇ ಕೊಡಬೇಕು.

ಇದೆಲ್ಲ ಶುರುವಾಗಿದ್ದು ಹೇಗೆ? ಅವರೇ ಬೇರೆ ಆಗಿದ್ದಾ?

ಹೊರಗೆ ಹಾಕಿದ್ದಕ್ಕೆ ಶುರುವಾಗಿದ್ದು. 18ನೇ ಶತಮಾನದ ಕೊನೆಯಲ್ಲಿ ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಚರ್ಚಿನಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದ ಕಪ್ಪು ಭಕ್ತರನ್ನು, ಇದು ನಿಮ್ಮ ಜಾಗ ಅಲ್ಲ ಅಂತ ಎಬ್ಬಿಸಲು ಬಂದರು. ಪ್ರಾರ್ಥನೆ ಮುಗಿಯುವ ತನಕ ತಡೆಯಿರಿ ಅಂದರೂ ಕೇಳಲಿಲ್ಲ. ರಿಚರ್ಡ್ ಆಲನ್, ಆಬ್ಸಲೋಮ್ ಜೋನ್ಸ್ ಮತ್ತು ಜೊತೆಗಿದ್ದವರು ಎದ್ದು ಹೊರಗೆ ನಡೆದರು. 1794ರಲ್ಲಿ ಆಲನ್ ತಮ್ಮದೇ ಬೆಥೆಲ್ ಚರ್ಚು ತೆರೆದರು, 1816ರಲ್ಲಿ ಅದರಿಂದಲೇ ಒಂದು ಸ್ವತಂತ್ರ ಪಂಥ ಬೆಳೆಯಿತು. ದೇವಸ್ಥಾನದ ಹೊರಗೆ ನಿಲ್ಲಿಸಿದ ಕತೆಗಳನ್ನು ಕೇಳುತ್ತಾ ಬೆಳೆದ ನಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಗುಲಾಮಗಿರಿಯನ್ನು ಕೊನೆಗಾಣಿಸಿದ ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಕಾಲೇಜುಗಳು ಬಂದವು. ವಾಷಿಂಗ್ಟನ್ನಿನ ಹೋವರ್ಡ್ ಮತ್ತು ಈಗ ಅಟ್ಲಾಂಟಾದಲ್ಲಿರುವ ಮೋರ್‌ಹೌಸ್ ಎರಡೂ 1867ರವು, ಹೆಣ್ಣುಮಕ್ಕಳ ಸ್ಪೆಲ್ಮನ್ 1881ರದ್ದು. ಪ್ರಯಾಣ ಮಾಡುವವರಿಗೆ ಎಲ್ಲಿ ಊಟ ಸಿಗುತ್ತದೆ, ಯಾವ ಲಾಡ್ಜ್ ಒಳಗೆ ಬಿಡುತ್ತದೆ ಅಂತ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್ಮಿನ ಪೋಸ್ಟ್‌ಮ್ಯಾನ್ ವಿಕ್ಟರ್ ಗ್ರೀನ್ 1936ರಿಂದ ಒಂದು ಕೈಪಿಡಿಯನ್ನೇ ಹೊರಡಿಸಿದ. ನಮ್ಮ ಅಟ್ಲಾಂಟಾದ ಪಾಸ್ಕಲ್ಸ್ ಹೋಟೆಲು 1947ರದ್ದು. ಮಾರ್ಟಿನ್ ಲೂಥರ್ ಕಿಂಗ್ ಮತ್ತು ಜೊತೆಗಾರರು ಅಲ್ಲಿ ಹುರಿದ ಕೋಳಿ ತಿನ್ನುತ್ತಾ ಸಮಾನ ಹಕ್ಕಿನ ಚಳವಳಿಯ ಲೆಕ್ಕಾಚಾರ ಹಾಕುತ್ತಿದ್ದರು.

## ಒಳಗೆ ಏನು ನಡೆಯುತ್ತದೆ

ಕ್ಷೌರದಂಗಡಿ ಕ್ಷೌರದಂಗಡಿ ಅಂತೀರಲ್ಲ, ಅಲ್ಲಿ ಅಂಥದ್ದೇನಿದೆ?

ನನ್ನ ಪಕ್ಕದ ಮನೆಯವರು ಒಂದು ಶನಿವಾರ ಜೊತೆಗೆ ಕರೆದುಕೊಂಡು ಹೋದರು. ಆರು ಕುರ್ಚಿ. ಗೋಡೆಗೆ ಟಿವಿ, ಅದರಲ್ಲಿ ಫುಟ್‌ಬಾಲ್, ಆದರೆ ಸದ್ದು ಬಂದ್, ಯಾಕಂದ್ರೆ ಮಾತಾಡುವವರು ಟಿವಿಗಿಂತ ಜೋರಾಗಿದ್ದರು. ಮೂಲೆಯಲ್ಲಿ ಇಬ್ಬರು ಅಜ್ಜಂದಿರು, ಕ್ಷೌರಕ್ಕೆ ಬಂದವರಲ್ಲ, ಸುಮ್ನೆ ಬಂದವರು. ಆರೇಳು ವರ್ಷದ ಹುಡುಗನೊಬ್ಬನನ್ನು ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ಕೂರಿಸಿದ್ದರು, ನಮ್ಮೂರಲ್ಲಿ ಕೂರಿಸುತ್ತಿದ್ದರಲ್ಲ, ಹಾಗೇ. ಸೋಮವಾರ ಶಾಲೆಯಲ್ಲಿ ಫೋಟೋ ತೆಗೆಯುವ ದಿನವಂತೆ. ಕ್ಷೌರಿಕ ಹಣೆಯ ಅಂಚನ್ನು ಗೆರೆ ಎಳೆದ ಹಾಗೆ ತಿದ್ದಿ, ಮಷೀನು ನಿಲ್ಲಿಸಿ, ಹಿಂದಿನಿಂದ ಕನ್ನಡಿ ಹಿಡಿದು "ಹೇಗಿದೆ ಸರ್?" ಅಂದ. ಆ ಸರ್ ಅನ್ನುವುದು ತಮಾಷೆಗಲ್ಲ. ಹುಡುಗ ತಲೆ ಆಚೆ ಈಚೆ ತಿರುಗಿಸಿ, ಗಂಭೀರವಾಗಿ, ಪರವಾಗಿಲ್ಲ ಅನ್ನುವ ಹಾಗೆ ತಲೆ ಆಡಿಸಿದ. ಅಜ್ಜಂದಿರಲ್ಲಿ ಒಬ್ಬರು ಗಣಿತದಲ್ಲಿ ಎಷ್ಟು ಬಂತು ಅಂತ ಕೇಳಿ ಅವನ ಮುಖ ಇಳಿಸಿದರು.

ಆ ಮಗುವಿನ ಕೂದಲು ಅಲ್ಲಿ ಯಾರಿಗೂ ತೊಂದರೆ ಅಲ್ಲ. ಇದು ಸಣ್ಣ ಸಂಗತಿ ಅನಿಸಬಹುದು. ಆದರೆ ಇದೇ ದೇಶದಲ್ಲಿ ಜಡೆ, ಗುಂಗುರು ಕೂದಲಿನ ಕಾರಣಕ್ಕೆ ಕೆಲಸ, ಶಾಲೆ ತಪ್ಪಬಾರದು ಅಂತ ಕಾನೂನೇ ಮಾಡಬೇಕಾಯಿತು, ಮೊದಲು ಮಾಡಿದ್ದು ಕ್ಯಾಲಿಫೋರ್ನಿಯಾ, 2019ರಲ್ಲಿ.

ಮನಸ್ಸಿಗೆ ನಿಜವಾಗ್ಲೂ ಏನು ಲಾಭ? ಸ್ವಲ್ಪ ಹೊತ್ತು ಖುಷಿ, ಅಷ್ಟೇ ಅಲ್ವಾ?

ಡು ಬೋಯಿಸ್ ಎಂಬ ಕಪ್ಪು ವಿದ್ವಾಂಸರು 1903ರಲ್ಲೇ ಹೇಳಿದ ಮಾತಿದೆ: ಕಪ್ಪು ಮನುಷ್ಯ ಯಾವಾಗಲೂ ತನ್ನನ್ನು ಎರಡು ಕಣ್ಣಿನಿಂದ ನೋಡಿಕೊಳ್ಳುತ್ತಾನೆ, ಒಂದು ತನ್ನದು, ಇನ್ನೊಂದು ತನ್ನನ್ನು ಕೀಳಾಗಿ ಕಾಣುವವರದು. ನಾನು ಇದನ್ನು ದಿನಾ ನೋಡುತ್ತೇನೆ. ನನ್ನ ಸಹೋದ್ಯೋಗಿ ಆಫೀಸಿನಲ್ಲಿ ಮಾತಾಡುವ ಇಂಗ್ಲಿಷೇ ಬೇರೆ, ದನಿಯೇ ಬೇರೆ, ಸಿಟ್ಟು ಬಂದರೂ ನಗುತ್ತಾನೆ, ಯಾಕಂದ್ರೆ ಆರಡಿ ಎತ್ತರದ ಕಪ್ಪು ಗಂಡಸು ದನಿ ಏರಿಸಿದರೆ ಜನ ಹೆದರುತ್ತಾರೆ ಅಂತ ಅವನಿಗೆ ಗೊತ್ತು. ಸಂಜೆ ಅವನ ಅಕ್ಕನ ಮನೆಯಲ್ಲಿ ನೋಡಿದರೆ ಬೇರೆಯೇ ಮನುಷ್ಯ.

ಈ ಕಾವಲು ಕಾಯುವ ಕೆಲಸಕ್ಕೆ ದೇಹ ಬೆಲೆ ತೆರುತ್ತದೆ. ಆರ್ಲೀನ್ ಜೆರೋನಿಮಸ್ ಅನ್ನುವ ಸಂಶೋಧಕಿ 1992ರಲ್ಲಿ ಇದನ್ನು ಸವೆತ ಅಂತ ಕರೆದರು, ಗಾಳಿ ಮಳೆಗೆ ಸಿಕ್ಕ ಬಂಡೆ ಸವೆಯುವ ಹಾಗೆ. ವರ್ಷಗಟ್ಟಲೆ ಒತ್ತಡದಲ್ಲಿದ್ದರೆ ರಕ್ತದೊತ್ತಡ, ಹೃದಯ, ಹೆರಿಗೆ ಎಲ್ಲದರಲ್ಲೂ ತೊಂದರೆ ಬೇಗ ಬರುತ್ತದೆ. ಹೆರಿಗೆಗೆ ಸಂಬಂಧಿಸಿ ಸಾಯುವ ಅಪಾಯ ಅಲ್ಲಿನ ಕಪ್ಪು ಹೆಂಗಸರಿಗೆ ಬಿಳಿಯ ಹೆಂಗಸರಿಗಿಂತ ಸುಮಾರು ಮೂರು ಪಟ್ಟು. ವಾರಕ್ಕೆ ನಾಲ್ಕು ಗಂಟೆ ಕಾವಲು ಇಳಿಸಿ ಕೂತರೆ ಈ ಸವೆತವೆಲ್ಲ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಹೊರೆ ಹೊತ್ತವನಿಗೆ ದಾರಿಯಲ್ಲೊಂದು ಹೊರೆಗಲ್ಲು ಬೇಕು, ಅಷ್ಟು.

ನಮ್ಮ ಅಳಿಯ ಆಫ್ರಿಕನ್ ಅಮೆರಿಕನ್. ಮೊಮ್ಮಗಳನ್ನ ಅವರ ಚರ್ಚಿಗೂ ಕಳಿಸ್ತಾರೆ, ಕನ್ನಡ ಶಾಲೆಗೂ ಕಳಿಸ್ತಾರೆ. ಮಗುಗೆ ಗೊಂದಲ ಆಗಲ್ವಾ?

ಆಗುವುದಿಲ್ಲ ಅಮ್ಮಾ. ಎರಡು ಅಜ್ಜಿಮನೆ ಇದ್ದ ನಮಗೆ ಗೊಂದಲ ಆಯಿತಾ?

ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಅನ್ನುವ ಮನಶ್ಶಾಸ್ತ್ರಜ್ಞ ದಂಪತಿ 1940ರ ಸುಮಾರಿಗೆ ಕಪ್ಪು ಮಕ್ಕಳ ಮುಂದೆ ಬಣ್ಣ ಬಿಟ್ಟರೆ ಬೇರೇನೂ ವ್ಯತ್ಯಾಸ ಇಲ್ಲದ ಗೊಂಬೆಗಳನ್ನಿಟ್ಟು, ಯಾವುದು ಒಳ್ಳೆಯದು, ಯಾವುದು ಕೆಟ್ಟದು ಅಂತ ಕೇಳಿದರು. ಹೆಚ್ಚಿನ ಮಕ್ಕಳು ಒಳ್ಳೆಯದು ಅಂತ ಬಿಳಿ ಗೊಂಬೆ ತೋರಿಸಿದರು. ಮೂರರಿಂದ ಏಳು ವರ್ಷದ ಮಕ್ಕಳು! ಶಾಲೆಗಳಲ್ಲಿ ಬಣ್ಣದ ಬೇಲಿ ತೆಗೆದುಹಾಕಿದ 1954ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಇದರ ಪ್ರಸ್ತಾಪವಿದೆ. ಹೆಚ್ಚಿನವರು ಹೇಳದ ಇನ್ನೊಂದು ಸಂಗತಿ: ಉತ್ತರದ ಮಿಶ್ರ ಶಾಲೆಗಳ ಕಪ್ಪು ಮಕ್ಕಳಲ್ಲಿ ಬಿಳಿ ಗೊಂಬೆಯ ಮೇಲಿನ ಆಸೆ ಕಮ್ಮಿ ಇರಲಿಲ್ಲ, ದಕ್ಷಿಣದ ಬರೀ ಕಪ್ಪು ಮಕ್ಕಳ ಶಾಲೆಯವರಿಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ಅಂದರೆ ಬಾಗಿಲು ತೆರೆದರೆ ಸಾಲದು, ಮಗುವಿಗೆ ತನ್ನ ಹಾಗೇ ಇರುವವರು ಟೀಚರ್ ಆಗಿ, ಡಾಕ್ಟರ್ ಆಗಿ, ಹಾಡುಗಾರ್ತಿಯಾಗಿ ಕಾಣಬೇಕು. ಕ್ಲಾರ್ಕ್ ದಂಪತಿ 1946ರಲ್ಲಿ ಹಾರ್ಲೆಮ್ಮಿನಲ್ಲಿ ಮಕ್ಕಳಿಗಾಗಿಯೇ ಒಂದು ಕೇಂದ್ರ ತೆರೆದರು.

ನೀವು ಮಾಡಬೇಕಾದ್ದು ಒಂದೇ. ಮೊಮ್ಮಗಳ ಕೂದಲಿಗೆ "ಅಯ್ಯೋ ಎಷ್ಟು ಗುಂಗುರು, ಬಾಚೋಕೇ ಆಗಲ್ಲ" ಅನ್ನಬೇಡಿ. ಅಳಿಯನ ತಾಯಿಯ ಹತ್ತಿರ ಕೂತು ಹೆಣೆಯೋದು ಕಲಿಯಿರಿ. ಅವರೂ ಎಣ್ಣೆ ಹಚ್ಚಿಯೇ ಹೆಣೆಯುತ್ತಾರೆ, ನಿಮಗೆ ಅರ್ಧ ಬಂದ ಹಾಗೇ.

ಹೈಸ್ಕೂಲಿನಲ್ಲಿ ಕಪ್ಪು ಮಕ್ಕಳೆಲ್ಲ ಒಂದೇ ಟೇಬಲ್ಲಿಗೆ ಊಟಕ್ಕೆ ಕೂರ್ತಾರಂತೆ, ಬೆರೆಯೋದೇ ಇಲ್ಲ ಅಂತಾನೆ ಮಗ.

ನಿಮ್ಮ ಮಗ ಯಾರ ಜೊತೆ ಕೂರುತ್ತಾನೆ, ಕೇಳಿ ನೋಡಿ. ಹದಿಹರೆಯದಲ್ಲಿ ನಾನು ಯಾರು ಅನ್ನೋ ಪ್ರಶ್ನೆ ಎಲ್ಲರಿಗೂ ಏಳುತ್ತದೆ, ಜೊತೆಗೆ ಅಂಗಡಿಯಲ್ಲಿ ಸೆಕ್ಯೂರಿಟಿಯವನು ಹಿಂದೆ ಹಿಂದೆ ಬರುವುದೂ ಅದೇ ವಯಸ್ಸಿಗೆ ಶುರುವಾಗುತ್ತದೆ. ಅದನ್ನು ಹೇಳಿಕೊಂಡಾಗ "ಇಲ್ಲ, ನಿನಗೆ ಹಾಗನ್ನಿಸಿರಬೇಕು" ಅನ್ನದವರ ಪಕ್ಕ ಕೂರುತ್ತಾರೆ.

## ಲೆಕ್ಕ, ಪುರಾವೆ

ಆರೋಗ್ಯಕ್ಕೆ ಒಳ್ಳೇದು ಅನ್ನೋದಕ್ಕೆ ಅಂಕಿ ಅಂಶ ಏನಾದ್ರೂ ಇದೆಯಾ, ಇಲ್ಲಾ ಬರೀ ಭಾವನೆನಾ?

ಇದೆ. ನನಗೆ ತುಂಬ ಇಷ್ಟವಾದದ್ದು 2018ರಲ್ಲಿ ಪ್ರಕಟವಾದ ಲಾಸ್ ಏಂಜಲೀಸ್ ಅಧ್ಯಯನ, ಡಾ. ರೊನಾಲ್ಡ್ ವಿಕ್ಟರ್ ಅದರ ಮುಖ್ಯಸ್ಥರು. 52 ಕಪ್ಪು ಕ್ಷೌರದಂಗಡಿ, ಬಿಪಿ ಜಾಸ್ತಿ ಇದ್ದ 319 ಗಂಡಸರು. ಅರ್ಧ ಅಂಗಡಿಗಳಿಗೆ ಫಾರ್ಮಸಿಸ್ಟರೇ ಬಂದು, ಅಲ್ಲೇ ಬಿಪಿ ನೋಡಿ, ವೈದ್ಯರ ಒಪ್ಪಿಗೆಯ ಮೇಲೆ ಅಲ್ಲೇ ಮಾತ್ರೆ ಬರೆದುಕೊಟ್ಟರು. ಉಳಿದ ಅಂಗಡಿಗಳಲ್ಲಿ ಕ್ಷೌರಿಕ "ಡಾಕ್ಟರಿಗೆ ತೋರಿಸು ಮಾರಾಯ" ಅಂತ ಬುದ್ಧಿ ಹೇಳಿದ. ಆರು ತಿಂಗಳಲ್ಲಿ ಮೊದಲ ಗುಂಪಿನವರ ಮೇಲಿನ ಬಿಪಿ ಸರಾಸರಿ 27 ಅಂಕ ಇಳಿಯಿತು, ಎರಡನೆಯವರದ್ದು 9ರಷ್ಟು.

ಬಿಪಿ ಇಳಿಸಿದ್ದು ಮಾತ್ರೆ, ಕತ್ತರಿಯಲ್ಲ, ಒಪ್ಪುತ್ತೇನೆ. ಆದರೆ ಆ ಮಾತ್ರೆ ಹೊಟ್ಟೆಗೆ ಹೋಗಿದ್ದು ಆ ಜಾಗದಿಂದ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರ ತನಕ, ನಲವತ್ತು ವರ್ಷ, ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಗಂಡಸರಿಗೆ ಔಷಧಿ ಕೊಡದೆ, ರೋಗ ಹೇಗೆ ಬೆಳೆಯುತ್ತೆ ಅಂತ ಸರ್ಕಾರಿ ವೈದ್ಯರು ನೋಡುತ್ತಾ ಕೂತಿದ್ದರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಆ ನೆನಪಿರುವ ಜನ ಬಿಳಿ ಕೋಟು ಕಂಡ ಕೂಡಲೇ ತೋಳು ಚಾಚುತ್ತಾರಾ? ಹದಿನೈದು ವರ್ಷದಿಂದ ತಲೆ ಒಡ್ಡಿದ ಕ್ಷೌರಿಕನ ಮುಂದೆ ಚಾಚುತ್ತಾರೆ.

ಈಗ ಎಲ್ಲ ಕಾಲೇಜೂ ಎಲ್ಲರಿಗೂ ಓಪನ್ ಇದೆಯಲ್ಲ, ಇನ್ನೂ ಕಪ್ಪು ಕಾಲೇಜುಗಳು ಯಾಕೆ?

1964ಕ್ಕೆ ಮೊದಲು ಕಪ್ಪು ಜನರಿಗಾಗಿ ಶುರುವಾದ ಕಾಲೇಜುಗಳಿಗೆ ಕಾನೂನಿನಲ್ಲೇ ಪ್ರತ್ಯೇಕ ಹೆಸರಿದೆ. ಈಗ ಅಂಥವು ನೂರರ ಆಸುಪಾಸು ಉಳಿದಿವೆ. ಅಲ್ಲಿ ಓದಿದವರನ್ನು ಮಾತಾಡಿಸಿದರೆ ಒಂದೇ ಮಾತು ಹೇಳುತ್ತಾರೆ: ಕ್ಲಾಸಿನಲ್ಲಿ ತಪ್ಪು ಉತ್ತರ ಕೊಟ್ಟರೆ ಅದು ನನ್ನೊಬ್ಬನ ತಪ್ಪಾಗಿತ್ತು, ಇಡೀ ಜನಾಂಗದ ತಪ್ಪಾಗಿರಲಿಲ್ಲ. 2015ರ ಗ್ಯಾಲಪ್ ಸಮೀಕ್ಷೆಯಲ್ಲಿ ಈ ಕಾಲೇಜುಗಳ ಕಪ್ಪು ಪದವೀಧರರಲ್ಲಿ ನೂರಕ್ಕೆ 55 ಜನ ನಮ್ಮ ಕಾಲೇಜು ಬದುಕಿಗೆ ಚೆನ್ನಾಗಿ ತಯಾರು ಮಾಡಿತು ಅಂತ ಗಟ್ಟಿಯಾಗಿ ಹೇಳಿದರು, ಬೇರೆ ಕಡೆ ಓದಿದ ಕಪ್ಪು ಪದವೀಧರರಲ್ಲಿ 29. ಇದು ಅವರವರ ಅನಿಸಿಕೆ, ಸಂಬಳದ ಲೆಕ್ಕ ಅಲ್ಲ. ಈ ಕಾಲೇಜುಗಳಿಗೆ ದುಡ್ಡು ಯಾವಾಗಲೂ ಕಮ್ಮಿ, ಹಾಸ್ಟೆಲ್ ಹಳೇದು, ಫೀಸಿನ ಸಾಲ ಜಾಸ್ತಿ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋದಲ್ಲಿ ಬಿಳಿಯರ ಊಟದ ಕೌಂಟರಿನಲ್ಲಿ ಕೂತು ಏಳಲ್ಲ ಅಂದ ನಾಲ್ವರು ಹುಡುಗರೂ ಇಂಥದೇ ಕಾಲೇಜಿನವರು. ನಮ್ಮ ಜನಕ್ಕೆ ಪರಿಚಯದ ಹೆಸರು ಬೇಕೆಂದರೆ ಕಮಲಾ ಹ್ಯಾರಿಸ್, ಹೋವರ್ಡ್‌ನವರು.

## ತಕರಾರುಗಳು

ಇದು ಉಲ್ಟಾ ಭೇದಭಾವ ಅಲ್ವಾ? ಬಿಳಿಯರು ಹೀಗೆ ಮಾಡಿದ್ರೆ ಸುಮ್ನಿರ್ತಾರಾ?

ಕೇಂದ್ರದಲ್ಲಿಟ್ಟುಕೊಳ್ಳೋದು ಬೇರೆ, ಬಾಗಿಲು ಹಾಕೋದು ಬೇರೆ. ಆ ಕಪ್ಪು ಕಾಲೇಜುಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ವಿದ್ಯಾರ್ಥಿಗಳು ಕಪ್ಪು ಜನರೇ ಅಲ್ಲ. ಚರ್ಚಿಗೆ ಯಾರು ಬೇಕಾದರೂ ಹೋಗಬಹುದು. ಕೆಲವು ಆಪ್ತ ಮಾತುಕತೆಯ ಗುಂಪುಗಳು ನಮ್ಮವರು ಮಾತ್ರ ಅನ್ನುವುದುಂಟು, ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಹೆರಿಗೆಯ ನೋವನ್ನು ಹೆತ್ತ ಹೆಂಗಸರ ನಡುವೆ ಹೇಳಿಕೊಂಡ ಹಾಗೆ. ಬಿಳಿಯರ ಕ್ಲಬ್ಬು ಬಾಗಿಲು ಹಾಕಿದಾಗ ಹೊರಗುಳಿದವರಿಗೆ ಕೆಲಸ, ಸಾಲ, ಮನೆ ತಪ್ಪುತ್ತಿತ್ತು. ಕಪ್ಪು ಹೆಂಗಸರ ಗುಂಪೊಂದು ಶನಿವಾರ ಸಂಜೆ ಸೇರಿದರೆ ಬೇರೆ ಯಾರಿಗೂ ಏನೂ ತಪ್ಪುವುದಿಲ್ಲ.

ನಮ್ಮ ಜಾತಿ ಸಂಘಗಳಿಗೂ ಇದಕ್ಕೂ ಏನು ವ್ಯತ್ಯಾಸ?

ಯಾವ ಜಾತಿಯ ಸಂಘ ಅನ್ನೋದರ ಮೇಲೆ ಹೋಗುತ್ತದೆ. ಮೊದಲೇ ಎಲ್ಲ ಇರುವವರು ಇರುವುದನ್ನು ಒಳಗೇ ಹಂಚಿಕೊಳ್ಳಲು ಸೇರುವ ಸಂಘಕ್ಕೂ ಇದಕ್ಕೂ ಏನೇನೂ ಹೋಲಿಕೆ ಇಲ್ಲ. ಹೋಲಿಸಬೇಕಾದ್ದು ದಲಿತ ಹುಡುಗರ ಹಾಸ್ಟೆಲ್ಲುಗಳ ಜೊತೆ. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ಊರೂರಲ್ಲಿ ಗಲಾಟೆಯಾಗಿ ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಹಾಸ್ಟೆಲ್ ಕೋಣೆಗಳಲ್ಲಿ, ಕ್ಯಾಂಟೀನುಗಳಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡ ಆ ಹುಡುಗರಿಂದಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು.

ಸಂಬಂಧ ಬರೀ ಹೋಲಿಕೆಯದ್ದಲ್ಲ. ಅಂಬೇಡ್ಕರ್ 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಹಾರ್ಲೆಮ್ಮಿಗೆ ಅಂಟಿಕೊಂಡೇ ಇದೆ. 1946ರಲ್ಲಿ ಅವರು ಡು ಬೋಯಿಸ್ ಅವರಿಗೆ ಪತ್ರ ಬರೆದರು, ಅವರಿಂದ ಉತ್ತರವೂ ಬಂತು. 1966ರಲ್ಲಿ ಓಕ್‌ಲ್ಯಾಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನೇ 1972ರಲ್ಲಿ ಬೊಂಬಾಯಿಯ ದಲಿತ ಪ್ಯಾಂಥರ್ಸ್ ಇಟ್ಟುಕೊಂಡರು. ಅಮೆರಿಕದ ಆ ಪ್ಯಾಂಥರ್‌ಗಳ ಬಂದೂಕಿನ ಫೋಟೋ ಎಲ್ಲರೂ ನೋಡಿರುತ್ತಾರೆ. 1969ರಿಂದ ಅವರು ಶಾಲೆ ಮಕ್ಕಳಿಗೆ ದಿನಾ ಬೆಳಿಗ್ಗೆ ತಿಂಡಿ ಹಾಕುತ್ತಿದ್ದ ಫೋಟೋ ನೋಡಿದವರು ಕಮ್ಮಿ.

ಒಳಗಡೆ ಎಲ್ಲಾ ಚೆನ್ನಾಗಿರುತ್ತಾ? ನೀವು ತುಂಬಾ ಹೊಗಳ್ತೀರಿ.

ಚೆನ್ನಾಗಿರುವುದಿಲ್ಲ, ಯಾವ ಮನೆ ಇರುತ್ತೆ ಹೇಳಿ. ತಿಳಿ ಬಣ್ಣದವರಿಗೆ ಒಂದು ಮಣೆ ಮೇಲೆ ಅನ್ನುವುದು ಅಲ್ಲೂ ಇದೆ, ಮದುವೆ ಜಾಹೀರಾತಿನಲ್ಲಿ ಬಿಳಿ ಹುಡುಗಿ ಹುಡುಕುವ ನಾವು ನಗುವ ಹಾಗಿಲ್ಲ. ಚರ್ಚಿನ ಬೆಂಚು ತುಂಬುವುದು ಹೆಂಗಸರು, ವೇದಿಕೆ ಹೆಚ್ಚಾಗಿ ಗಂಡಸರದ್ದು. 1963ರ ವಾಷಿಂಗ್ಟನ್ ಜಾಥಾವನ್ನು ಸಂಘಟಿಸಿದ ಬೇಯಾರ್ಡ್ ರಸ್ಟಿನ್ ಸಲಿಂಗಿ ಅನ್ನೋ ಕಾರಣಕ್ಕೆ ಅವರನ್ನು ಹಿಂದೆ ಇಟ್ಟರು. ಕಪ್ಪು ಚಳವಳಿಯಲ್ಲಿ ಗಂಡಸರ ದರ್ಬಾರು, ಹೆಂಗಸರ ಚಳವಳಿಯಲ್ಲಿ ಬಿಳಿಯರ ದರ್ಬಾರು ಅಂತ ಬೇಸತ್ತ ಕಪ್ಪು ಹೆಂಗಸರು 1974ರಲ್ಲಿ ಬಾಸ್ಟನ್ನಿನಲ್ಲಿ ಕೊಂಬಾಹೀ ರಿವರ್ ಕಲೆಕ್ಟಿವ್ ಅಂತ ಬೇರೆ ಗುಂಪು ಮಾಡಿಕೊಂಡರು. ಇನ್ನೊಂದು, ಅಮೆರಿಕದ ಕಪ್ಪು ಜನರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಹೊರಗಿನಿಂದ ಬಂದವರು. ನೈಜೀರಿಯಾದಿಂದ, ಜಮೈಕಾದಿಂದ ಬಂದವರಿಗೂ ಮೂರ್ನಾಲ್ಕು ನೂರು ವರ್ಷದಿಂದ ಇಲ್ಲೇ ಇರುವವರಿಗೂ ಎಲ್ಲದರಲ್ಲೂ ಹೊಂದುವುದಿಲ್ಲ.

ಇಂಥ ಜಾಗಗಳ ಮೇಲೇ ದಾಳಿ ಆಗುತ್ತಲ್ಲ, ಒಂದೇ ಕಡೆ ಸೇರೋದು ಅಪಾಯ ಅಲ್ವಾ?

ಅಪಾಯವೇ. 1963ರ ಸೆಪ್ಟೆಂಬರಿನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮಿನ ಚರ್ಚಿಗೆ ಬಾಂಬ್ ಇಟ್ಟು ನಾಲ್ವರು ಹುಡುಗಿಯರನ್ನು ಕೊಂದರು. 2015ರ ಜೂನಿನಲ್ಲಿ ಚಾರ್ಲ್ಸ್‌ಟನ್ನಿನ ಚರ್ಚಿನಲ್ಲಿ ಬೈಬಲ್ ಓದಲು ಬಂದ ಅಪರಿಚಿತ ಬಿಳಿ ಹುಡುಗನನ್ನು ಪ್ರೀತಿಯಿಂದ ಕೂರಿಸಿಕೊಂಡರು, ಅವನು ಒಂಬತ್ತು ಜನರನ್ನು ಗುಂಡಿಟ್ಟು ಕೊಂದ. ಆದರೂ ಬಾಗಿಲು ಹಾಕಲಿಲ್ಲ.

ಈ ಜಾಗಗಳನ್ನು ಸದ್ದಿಲ್ಲದೆ ಕೊಲ್ಲುವುದು ಏರುವ ಬಾಡಿಗೆ. ವಾಷಿಂಗ್ಟನ್ ನಗರದಲ್ಲಿ 1970ರಲ್ಲಿ ನೂರಕ್ಕೆ ಎಪ್ಪತ್ತು ಜನ ಕಪ್ಪು ಜನರಿದ್ದರು, 2020ರ ಹೊತ್ತಿಗೆ ನಲವತ್ತರ ಸುಮಾರು. ಜನ ಹೋದ ಮೇಲೆ ಅವರ ಕ್ಷೌರದಂಗಡಿ, ಮೀನಿನ ಅಂಗಡಿ ಹೋದವು. ಈಗ ಕಾನೂನೂ ಸೇರಿದೆ: ಯೂಟಾ ರಾಜ್ಯದ ಹೊಸ ಕಾಯಿದೆಯಿಂದಾಗಿ ಅಲ್ಲಿನ ವಿಶ್ವವಿದ್ಯಾಲಯದ ಕಪ್ಪು ಸಾಂಸ್ಕೃತಿಕ ಕೇಂದ್ರ 2024ರಲ್ಲಿ ಮುಚ್ಚಿತು.

## ನಮ್ಮ ಕಡೆ

ನಮ್ಮ ಸಿದ್ದಿಗಳೂ ಆಫ್ರಿಕಾ ಮೂಲದವರಲ್ವಾ? ಅವರಿಗೂ ಇದು ಬೇಕಾ?

ಇದನ್ನು ನಾನೇ ಚಿಕ್ಕಂದಿನಲ್ಲಿ ಕೇಳಬೇಕಿತ್ತು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡಂಚಿನಲ್ಲಿ ಸಿದ್ದಿಗಳು ತಲೆಮಾರುಗಳಿಂದ ಇದ್ದಾರೆ. ಹಲವರ ಹಿರಿಯರು ಪೋರ್ಚುಗೀಸರ ಗೋವಾದಿಂದ ಗುಲಾಮಗಿರಿ ತಪ್ಪಿಸಿಕೊಂಡು ಘಟ್ಟ ಹತ್ತಿದವರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲ ಇದ್ದಾರೆ, ಕೊಂಕಣಿ, ಕನ್ನಡ, ಮರಾಠಿ, ಉರ್ದು ಎಲ್ಲ ಆಡುತ್ತಾರೆ. ನನ್ನ ಕ್ಲಾಸಿನಲ್ಲಿದ್ದ ಸಿದ್ದಿ ಹುಡುಗನಿಗೆ ನಾವು ಇಟ್ಟ ಅಡ್ಡಹೆಸರನ್ನು ಇಲ್ಲಿ ಬರೆಯುವ ಮುಖ ನನಗಿಲ್ಲ. ನಲವತ್ತು ದಾಟಿ, ಅಟ್ಲಾಂಟಾದ ಆ ಹಲಗೆ ಮೇಲಿನ ಹುಡುಗನನ್ನು ನೋಡಿದಾಗ ಅವನು ನೆನಪಾದ.

ಅಮೆರಿಕದ ಚೌಕಟ್ಟನ್ನು ತಂದು ಅವರ ಮೇಲೆ ಕೂರಿಸುವುದು ಬೇಡ. ಅವರಿಗೆ ಅವರದೇ ಆದವು ಇವೆ. ಡಮಾಮಿ ಬಾರಿಸಿ ಕುಣಿಯುವ ರಾತ್ರಿಗಳಿವೆ. ಹೆಂಗಸರು ಹಳೇ ಬಟ್ಟೆಯ ತುಂಡು ಸೇರಿಸಿ, ಅಂಚಿನಿಂದ ಸುತ್ತುತ್ತಾ ನಡುವಿಗೆ ಬರುವ ಹಾಗೆ ಕೌದಿ ಹೊಲಿಯುತ್ತಾರೆ, ಮೂಲೆಗಳಿಗೆ ಮಡಚಿದ ತ್ರಿಕೋನದ ಹೂವು ಇಡಲೇಬೇಕು, ಇಲ್ಲದಿದ್ದರೆ ಕೌದಿ ಬೆತ್ತಲೆ. ಧರ್ಮ ಬೇರೆಯಾದರೂ ಸಿದ್ದಿಗಳು ಒಟ್ಟಾಗಿ ಕೇಳಿದ್ದಕ್ಕೇ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು, ಆ ಸಮುದಾಯದಿಂದ ಮೊದಲಿಗರು.

ನಾನು ಅಮೆರಿಕಕ್ಕೆ ಬಂದಾಗ ಇಂಥ ಜಾಗಕ್ಕೆ ಹೋಗಬಹುದಾ? ಏನಾದ್ರೂ ಅಂದ್ಕೊಳ್ತಾರಾ?

ಧಾರಾಳವಾಗಿ ಹೋಗಿ. ನ್ಯೂಯಾರ್ಕಿನಲ್ಲಿದ್ದರೆ ಹಾರ್ಲೆಮ್ಮಿನ 135ನೇ ರಸ್ತೆಯ ಶೋಂಬರ್ಗ್ ಕೇಂದ್ರದಿಂದ ಶುರುಮಾಡಿ. ಪೋರ್ಟೊರಿಕೋ ಮೂಲದ ಆರ್ಟುರೊ ಶೋಂಬರ್ಗ್ ಕಪ್ಪು ಜನರ ಬಗ್ಗೆ ಜೀವಮಾನವೆಲ್ಲ ಕೂಡಿಟ್ಟ ಪುಸ್ತಕಗಳನ್ನು 1926ರಲ್ಲಿ ಅಲ್ಲಿನ ಲೈಬ್ರರಿಗೆ ಕೊಂಡುಕೊಂಡರು. ಚರ್ಚಿಗೆ ಹೋಗುವುದಾದರೆ ಜೀನ್ಸ್ ಬೇಡ, ಇದ್ದುದರಲ್ಲಿ ಒಳ್ಳೆ ಬಟ್ಟೆ ಹಾಕಿ, ಅಲ್ಲಿನ ಅಜ್ಜಿಯರ ಟೋಪಿ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಎರಡು ಗಂಟೆಯ ಮೇಲಾಗುತ್ತೆ. ಪಾದ್ರಿ ಒಂದು ಮಾತು ಅಂದರೆ ಜನ ತಿರುಗಿ ಉತ್ತರ ಕೊಡುತ್ತಾರೆ, ಭಜನೆಯ ಹಾಗೆ, ನೀವೂ ಕೊಡಬಹುದು. ಫೋಟೋ ತೆಗೆಯಬೇಡಿ. ನಾನು ಮೊದಲ ಸಲ ಹಾಡು ಚೆನ್ನಾಗಿದೆ ಅಂತ ಮೊಬೈಲ್ ಎತ್ತಿದೆ, ಬಿಳಿ ಕೈಗವಸು ಹಾಕಿದ ಹಿರಿಯ ಹೆಂಗಸೊಬ್ಬರು ಬಂದು ಮೆಲ್ಲಗೆ ನನ್ನ ಕೈ ಕೆಳಗಿಳಿಸಿ, ಬೀಸಣಿಗೆ ಕೊಟ್ಟು ಹೋದರು. ಯಾರ ಕೂದಲನ್ನೂ ಮುಟ್ಟಬೇಡಿ, ಕೇಳಿಯೂ ಮುಟ್ಟಬೇಡಿ.

ಮುಗಿದ ಮೇಲೆ ಕೆಳಗಡೆ ಊಟಕ್ಕೆ ಕರೆಯುತ್ತಾರೆ, ಹೋಗಿ ಕೂರಿ. ಸಸ್ಯಾಹಾರಿಗಳಾದರೆ ಒಂದು ಮಾತು: ಕೊಲಾರ್ಡ್ ಸೊಪ್ಪಿನ ಪಲ್ಯ ನೋಡಲು ನಮ್ಮ ದಂಟಿನ ಪಲ್ಯದ ಹಾಗೇ ಇರುತ್ತದೆ, ಆದರೆ ಸಾಮಾನ್ಯವಾಗಿ ಹಂದಿ ಇಲ್ಲಾ ಟರ್ಕಿ ಮಾಂಸ ಹಾಕಿ ಬೇಯಿಸಿರುತ್ತಾರೆ. ಬಡಿಸುವವರನ್ನು ಕೇಳಿ, ಬೇಜಾರು ಮಾಡಿಕೊಳ್ಳಲ್ಲ. ಸಿಹಿಗೆಣಸಿನ ಪೈ ಇದ್ದರೆ ಬಿಡಬೇಡಿ.